ಮೆತ್ತಗಿನ ನೆಲಕ್ಕೆ ಗಟ್ಟಿ ಪ್ಯಾಡು

ಕಳೆದ ಜನವರಿಯಲ್ಲಿ ಶಿರಸಿ ಹತ್ತಿರದ ನಮ್ಮ ಹಳೇ ಮನೆಗೆ ತಾಗಿಸಿ ಒಂದು ಕೋಣೆ ಕಟ್ಟಿಸಿದೆವು. 12 ಅಡಿಗೆ 14 ಅಡಿ. ನೆಲಕ್ಕೆ ಟೈಲ್ಸ್ ಬೇಡ, ಹಾಕಿದ ಕಾಂಕ್ರೀಟನ್ನೇ ಉಜ್ಜಿ ಹೊಳಪು ತರೋಣ ಎಂದು ಹಟ ಹಿಡಿದವಳು ನಾನು. ಅಜ್ಜ ಜಗುಲಿಗೆ ಹಾಕಿಸಿದ ಕೆಂಪು ನೆಲದ ಮೇಲೆ ಮಧ್ಯಾಹ್ನ ಚಾಪೆಯಿಲ್ಲದೆ ಮಲಗಿ ಬೆಳೆದವಳಿಗೆ ಟೈಲ್ಸ್ ಹಿಡಿಸುವುದಿಲ್ಲ. ಏಪ್ರಿಲ್‌ನಲ್ಲಿ ರಜೆ ಹಾಕಿ ಬಂದೆ. ಮಳೆ ಹಿಡಿಯುವುದರೊಳಗೆ ಮುಗಿಸಬೇಕಿತ್ತು. ಜೂನ್ ಬಂದ ಮೇಲೆ ನಮ್ಮಲ್ಲಿ ಒದ್ದೆ ನೆಲ ಒಣಗುವ ಮಾತೇ ಇಲ್ಲ.

ಉಜ್ಜುವ ಮಷೀನು ಬಾಡಿಗೆಗೆ ಸಿಕ್ಕಿತು. ಅದರಡಿ ಸಿಕ್ಕಿಸುವ, ವಜ್ರದ ಹರಳಿನ ಪ್ಯಾಡು ಮಾತ್ರ ನಾವೇ ಕೊಳ್ಳಬೇಕು. ಅಂಗಡಿಯಲ್ಲಿ ಕೇಳಿದ್ದು ಒಂದೇ: "ಎಷ್ಟು ನಂಬರ್ ಬೇಕು?" ನಾನೂ ನಂಬರುಗಳನ್ನಷ್ಟೇ ತಿಳಿದುಕೊಂಡು ಹೋಗಿದ್ದೆ. ನಂಬರು ಚಿಕ್ಕದಿದ್ದಷ್ಟೂ ವಜ್ರದ ಹರಳು ದಪ್ಪ, ಕೊರೆತ ಜೋರು, ದೊಡ್ಡದಾದಷ್ಟೂ ನಯ. ಕಾಂಕ್ರೀಟು ಎಂದ ಕೂಡಲೇ ಅಂಗಡಿಯವರು, "ಗಟ್ಟಿ ನೆಲ ಅಲ್ವಾ, ಸಾಫ್ಟ್ ಬಾಂಡ್ ತಗೊಳ್ಳಿ" ಎಂದರು. 30ರ ಒಂದು ಸೆಟ್ಟು ತಗೊಂಡೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೋಣೆಯ ಅರ್ಧವೂ ಮುಗಿದಿರಲಿಲ್ಲ, ಪ್ಯಾಡಿನ ಲೋಹದ ಬಿಲ್ಲೆಗಳು ಮಾತ್ರ ಸವೆದು ತಳ ಕಂಡಿದ್ದವು. ನೆಲದ ತುಂಬ ಬಳೆ ಬಳೆಯಾಗಿ ಗೀರು. ನನಗೆ ಅಳುವೇ ಬಂತು. ಪಕ್ಕದ ಮನೆಗೆ ಗ್ರಾನೈಟ್ ಕೂರಿಸಲು ಬಂದಿದ್ದ ಹಾವೇರಿ ಕಡೆಯ ಮೇಸ್ತ್ರಿಯೊಬ್ಬರನ್ನು ಕರೆದು ತೋರಿಸಿದೆ. ಅವರು ಮಷೀನನ್ನು ಮುಟ್ಟಲೇ ಇಲ್ಲ. ಕಬ್ಬಿಣದ ಮೊಳೆಯೊಂದನ್ನು ಹೆಕ್ಕಿ ನೆಲವನ್ನು ಒತ್ತಿ ಗೀಚಿದರು. ಪುಡಿ ಎದ್ದು ಗೆರೆ ಆಳಕ್ಕೆ ಬಿತ್ತು.

"ಅಕ್ಕಾರ, ನಿಮ್ಮ ನೆಲಾ ಮೆತ್ತಗೈತ್ರಿ. ನೆಲಾ ಮೆತ್ತಗಿದ್ರ ಪ್ಯಾಡು ಗಟ್ಟಿ ಬೇಕು. ನೆಲಾ ಗಟ್ಟಿ ಇದ್ರ ಪ್ಯಾಡು ಮೆತ್ತಗ ಬೇಕು. ನೀವು ಉಲ್ಟಾ ತಂದೀರಿ."

ಮೊದಲಿಗೆ ನನಗೆ ತಲೆಗೆ ಹೋಗಲಿಲ್ಲ. ಚಹಾ ಕುಡಿಯುತ್ತ ಅವರೇ ಬಿಡಿಸಿ ಹೇಳಿದರು. ಬಿಲ್ಲೆಯೆಂದರೆ ಲೋಹದ ಪುಡಿಯಲ್ಲಿ ವಜ್ರದ ಹರಳು ಬೆರೆಸಿ, ಕಾಸಿ ಒತ್ತಿದ ತುಂಡು. ಕೊರೆಯುವುದು ಹರಳು, ಅದನ್ನು ಹಿಡಿದುಕೊಂಡಿರುವುದು ಲೋಹ, ಬಾಂಡ್ ಎಂದರೆ ಅದೇ. ಮೇಲಿನ ಹರಳು ಮೊಂಡಾದಾಗ ಸುತ್ತಲಿನ ಲೋಹ ಸವೆದು ಅದನ್ನು ಬಿಟ್ಟುಕೊಡಬೇಕು, ಆಗ ಕೆಳಗಿನ ಹೊಸ ಹರಳು ತಲೆಯೆತ್ತುತ್ತದೆ. ಲೋಹವನ್ನು ಸವೆಸುವುದು ನೆಲದಿಂದಲೇ ಏಳುವ ಪುಡಿ. ಮೆತ್ತಗಿನ ಕಾಂಕ್ರೀಟಿನಿಂದ ಮರಳು ಮರಳಾದ ಒರಟು ಪುಡಿ ಏಳುತ್ತದೆ. ಅದರ ಮುಂದೆ ಮೆತ್ತಗಿನ ಲೋಹ ನಿಲ್ಲುವುದಿಲ್ಲ, ಹರಳು ಚೂಪಾಗಿದ್ದಾಗಲೇ ಉದುರಿಹೋಗುತ್ತದೆ. ಗಟ್ಟಿ ನೆಲದ ಪುಡಿ ಹಿಟ್ಟಿನಂತೆ ನುಣ್ಣಗೆ, ಅದಕ್ಕೆ ಗಟ್ಟಿ ಲೋಹವನ್ನು ಸವೆಸುವ ಶಕ್ತಿಯಿಲ್ಲ. ನಮ್ಮ ನೆಲ ಮೆತ್ತಗಾದದ್ದೇಕೆ ಎಂದು ಕೇಳಬೇಕಾಗಿರಲಿಲ್ಲ. ಕಲಸುವಾಗ ಕೊಡಗಟ್ಟಲೆ ನೀರು ಹೆಚ್ಚಿಗೆ ಸುರಿದದ್ದು ನನ್ನ ಕಣ್ಣೆದುರೇ.

ಹಾರ್ಡ್ ಬಾಂಡ್ ಬಿಲ್ಲೆಗಳನ್ನು ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿಸಿ ತರಿಸಿದೆ. ಅದೇ ಮಷೀನು, ಅದೇ 30 ನಂಬರು, ಆದರೆ ಕೆಲಸ ಎಷ್ಟು ಬೇರೆ! ಗೀರುಗಳು ಒಂದೊಂದಾಗಿ ಹೋಗಿ ಒಳಗಿನ ಜಲ್ಲಿ ಅಕ್ಕಿಕಾಳಿನಷ್ಟು, ಆಮೇಲೆ ಅಡಿಕೆಯಷ್ಟು ತೆರೆದುಕೊಂಡಿತು. ಆದರೆ ಬಾಗಿಲ ಹತ್ತಿರದ ಮೂರು ಅಡಿ ಜಾಗದಲ್ಲಿ ಮಷೀನು ಸುಮ್ಮನೆ ಜಾರತೊಡಗಿತು. ತಿರುಗಿಸಿ ನೋಡಿದರೆ ಬಿಲ್ಲೆಯ ಮುಖ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಕೈಯಾಡಿಸಿದರೆ ಹರಳು ಬೆರಳಿಗೆ ಸಿಗುತ್ತಿಲ್ಲ. ಅಲ್ಲಿ ಗಾರೆಯವರು ಕರಣೆಯಿಂದ ಬಿಗಿಯಾಗಿ ತಿಕ್ಕಿದ್ದರು, ಆ ಪದರವಷ್ಟೇ ಗಟ್ಟಿ. ಮೇಸ್ತ್ರಿ ಹೇಳಿದಂತೆ ಒಂದು ಹಿಡಿ ಮರಳು ಎರಚಿ, ನೀರು ಕಡಿಮೆ ಮಾಡಿ ನಿಧಾನ ಓಡಿಸಿದೆ. ಮರಳು ಲೋಹವನ್ನು ಕೆರೆದು ಹರಳನ್ನು ಬಿಡಿಸಿತು, ಮತ್ತೆ ಕೊರೆಯಿತು. ಒಂದೇ ಕೋಣೆಯೊಳಗೆ ಎರಡು ಗುಣದ ನೆಲ ಇರುತ್ತದೆಂದು ನಾನು ಎಣಿಸಿರಲಿಲ್ಲ.

30 ಆದಮೇಲೆ 60, 120. ಅಲ್ಲಿಗೆ ನಿಲ್ಲಿಸಿ, ತೊಳೆದು ಒಣಗಿಸಿ, ಲಿಥಿಯಂ ಸಿಲಿಕೇಟ್ ದ್ರಾವಣ ಕುಡಿಸಿದೆ. ಕಾಂಕ್ರೀಟಿನೊಳಗೆ ಉಳಿದ ಸುಣ್ಣದ ಜೊತೆ ಅದು ಕೂಡಿ ರಂಧ್ರಗಳನ್ನು ತುಂಬಿ ಗಟ್ಟಿ ಮಾಡುತ್ತದೆ. ಮೆತ್ತಗಿನ ನೆಲಕ್ಕೆ ಇದನ್ನು ಬಿಡಲೇಬಾರದು, ಇಲ್ಲದಿದ್ದರೆ ಮುಂದಿನ ರೆಸಿನ್ ಪ್ಯಾಡುಗಳನ್ನು (ಲೋಹದ ಬದಲು ಗಟ್ಟಿ ಅಂಟಿನಲ್ಲಿ ಹರಳು ಕೂರಿಸಿದವು) ನೆಲವೇ ತಿಂದುಹಾಕುತ್ತದೆ. ಆಮೇಲಿನ ರೆಸಿನ್ ಪ್ಯಾಡನ್ನು 200ರಿಂದಲ್ಲ, 100ರಿಂದ ಶುರು ಮಾಡಬೇಕು. ಲೋಹದ 120 ಮಾಡುವ ಗೀರು ರೆಸಿನ್‌ನ 120ಕ್ಕಿಂತ ಆಳ. ಒಂದು ಹೆಜ್ಜೆ ಹಿಂದೆ ಹೋದರೇ ಅದು ಅಳಿಯುವುದು.

ನೆಲದ ಕೆಲಸದ ನಡುವೆ ಅಡುಗೆಮನೆಯ ಕಟ್ಟೆಯೂ ಸೇರಿಕೊಂಡಿತು. ಕಡಪಾ ಕಲ್ಲು, ಮೂವತ್ತು ವರ್ಷದ್ದು. "ಲಿಂಬೆಹುಳಿ ಬಿದ್ದಲ್ಲೆಲ್ಲ ಕಲೆ ಆಗೋಯ್ದು ನೋಡು ಕೂಸೇ" ಎಂದಳು ಆಯಿ. ಲಿಂಬೆ, ಮುರುಗಲ ಹುಳಿ, ಅಪ್ಪೆಹುಳಿ, ನಮ್ಮ ಅಡುಗೆಯಲ್ಲಿ ಹುಳಿಗೇನು ಬರ! ಕಡಪಾ ಸುಣ್ಣದ ಜಾತಿಯ ಕಲ್ಲು, ಹುಳಿ ಅದರ ಮೈಯನ್ನೇ ಕರಗಿಸುತ್ತದೆ. ಅಂದರೆ ಅದು ಕಲೆಯಲ್ಲ, ತೆಳ್ಳಗೆ ತಿಂದ ಗಾಯ. ಅದಕ್ಕೆ 400ರಿಂದ ಶುರು ಮಾಡಿದ್ದರೆ ಸಾಕಿತ್ತು. ನಾನು ನೆಲದ ಹುರುಪಿನಲ್ಲಿ 50 ಹಾಕಿದೆ. ಮೇಲಾಗಿ 100, 200ರ ಸಣ್ಣ ಪ್ಯಾಡು ಇರಲಿಲ್ಲವೆಂದು ನೇರ 400ಕ್ಕೆ ಜಿಗಿದೆ. ಒದ್ದೆಯಿದ್ದಾಗ ಎಲ್ಲ ಚೆಂದ. 800ಕ್ಕೆ ಹೋಗಿ, ಸಂಜೆ ಕಿಟಕಿಯ ಓರೆ ಬಿಸಿಲು ಒಣಗಿದ ಕಲ್ಲಿನ ಮೇಲೆ ಬಿದ್ದಾಗ 50ರ ಸುರುಳಿಗಳೆಲ್ಲ ಎದ್ದು ಕಂಡವು. ನೀರು ಗೀರನ್ನು ಮುಚ್ಚಿಡುತ್ತದೆ, ಒರೆಸಿ ಒಣಗಿಸಿ ನೋಡದೆ ಮುಂದಿನ ನಂಬರಿಗೆ ಹೋಗಬಾರದು. ಎರಡನೇ ಸಲ ಪೆನ್ಸಿಲ್ಲಿನಿಂದ ಕಟ್ಟೆಯುದ್ದ ಗೆರೆ ಎಳೆದು, ಅದು ಪೂರಾ ಅಳಿದ ಮೇಲಷ್ಟೇ ಪ್ಯಾಡು ಬದಲಿಸಿದೆ. ಒಂದು ನಂಬರು ಅಡ್ಡಕ್ಕೆ, ಮುಂದಿನದು ಉದ್ದಕ್ಕೆ, ಹಿಂದಿನದರ ಗೀರು ಉಳಿದಿದ್ದರೆ ತಾನೇ ಕಾಣುವ ಹಾಗೆ. ನಡುನಡುವೆ ಕಟ್ಟೆ ತೊಳೆದೆ. 50ರ ಒಂದೇ ಹರಳು ಉಳಿದರೂ 800ರ ಕೆಲಸ ಹಾಳು.

ಪ್ಯಾಡಿನ ಬಣ್ಣ ನೋಡಿ ಆರಿಸಬೇಡಿ. ಒಂದು ಕಂಪನಿಯ ಹಳದಿ ಇನ್ನೊಂದರಲ್ಲಿ ಬೇರೆ ನಂಬರು, ಹಿಂಬದಿಯ ಅಂಕಿಯನ್ನೇ ಓದಿ. ಬಿಳಿ ಮಾರ್ಬಲ್ಲಿಗೆ ಬಣ್ಣದ ರೆಸಿನ್ ಪ್ಯಾಡು ಹಾಕಿದರೆ ಬಣ್ಣ ಕಲ್ಲಿಗೆ ಇಳಿಯಬಹುದು, ಅದಕ್ಕೆ ಬಿಳಿಯದೇ ಸಿಗುತ್ತದೆ. ನಿಮಿಷಕ್ಕೆ 11,000 ಸುತ್ತಿನ ಸಾದಾ ಗ್ರೈಂಡರಿಗಂತೂ ನೀರು ಹಾಕಿ ಉಜ್ಜುವ ಪ್ಯಾಡು ಸಿಕ್ಕಿಸಲೇಬೇಡಿ. ಪ್ಯಾಡು ತಾಳುವುದು ಅದರ ಅರ್ಧಕ್ಕಿಂತಲೂ ಕಡಿಮೆ ವೇಗ, ಜೊತೆಗೆ ನೀರು ಕರೆಂಟಿನ ಭಯ. ಹಾಗೆಂದು ನೀರಿಲ್ಲದೆ ಉಜ್ಜಿದರೆ ಧೂಳು ಎದೆಗೆ ಇಳಿಯುತ್ತದೆ. ಕಲ್ಲಿನ ಧೂಳು ಕುಡಿದ ಶ್ವಾಸಕೋಶ ಮತ್ತೆ ಸರಿಯಾಗುವುದಿಲ್ಲ. ಮೇಸ್ತ್ರಿ ಬಾಯಿಗೆ ಬರೀ ಪಂಚೆಯ ತುದಿ ಕಟ್ಟಿಕೊಂಡಿದ್ದರು, ನನ್ನ ಹತ್ತಿರವಿದ್ದ ಮಾಸ್ಕುಗಳನ್ನು ಅವರಿಗೇ ಕೊಟ್ಟು ಕಳಿಸಿದೆ.

ನೆಲವನ್ನು 800ಕ್ಕೆ ನಿಲ್ಲಿಸಿದೆ. 3000ದವರೆಗೆ ಒಯ್ದರೆ ಕನ್ನಡಿಯಾಗುತ್ತಿತ್ತೇನೋ, ಆದರೆ ಜುಲೈನಲ್ಲಿ ತೋಟದಿಂದ ಒದ್ದೆ ಕಾಲಲ್ಲಿ ಬರುವ ಅಪ್ಪಯ್ಯ ಜಾರಿ ಬೀಳಬಾರದು. ಕಟ್ಟೆಯನ್ನು ಮಾತ್ರ 3000ಕ್ಕೆ ಒಯ್ದು ಕೊನೆಯ ಹೊಳಪಿಗೆ ಬಫ್ ಪ್ಯಾಡು ಹಾಕಿದೆ, ಕರಿಕಲ್ಲು ಮೊದಲಿನ ಹಾಗೆ ಕಪ್ಪಾಯಿತು. ಮಾರನೇ ದಿನ ಬೆಳಿಗ್ಗೆಯೇ ಆಯಿ ಅದರ ಮೇಲೆ ಲಿಂಬೆಹಣ್ಣು ಹೆಚ್ಚಿದಳು, ಒರೆಸುವಷ್ಟರಲ್ಲಿ ಮಬ್ಬು ಬಿದ್ದಿತ್ತು. ಹಲಸಿನ ಹಲಗೆಯೊಂದನ್ನು ಹುಡುಕಿ ಕಟ್ಟೆಯ ಮೇಲಿಟ್ಟೆ. 400ರಿಂದ 3000ದವರೆಗಿನ ಪ್ಯಾಡುಗಳನ್ನು ತೊಳೆದು, ನೆರಳಲ್ಲಿ ಒಣಗಿಸಿ, ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಅಟ್ಟದಲ್ಲಿಟ್ಟು ಬಂದಿದ್ದೇನೆ.