ದಿಗ್ಬೋಯ್‌ನಲ್ಲಿ ಒಂದು ಕೊಳವೆ ಬೇಲಿ

ನಾನು ಸುರತ್ಕಲ್ ಕಡೆಯವನು. ರಾತ್ರಿ ಅಂಗಳಕ್ಕೆ ಬಂದರೆ ಕಚ್ಚಾ ತೈಲ ಸಂಸ್ಕರಿಸುವ ರಿಫೈನರಿ ಎಂಆರ್‌ಪಿಎಲ್‌ನ ಎತ್ತರದ ಚಿಮಣಿ ತುದಿಯಲ್ಲಿ ಬೆಂಕಿ ಉರಿಯುವುದು ಕಾಣುತ್ತದೆ. ಮೋಡ ಕವಿದ ದಿನ ಆ ಕಡೆಯ ಆಕಾಶವೇ ಕೆಂಪಾಗಿರುತ್ತದೆ. 1996ರಲ್ಲಿ ಅದು ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ರಿಫೈನರಿ ಅಂದರೆ ಹೊಸದು, ದೊಡ್ಡದು, ಕಾಂಪೌಂಡಿನ ಆಚೆ ಇರುವಂಥದ್ದು ಅಂತಲೇ ನನ್ನ ತಲೆಯಲ್ಲಿ ಕೂತಿತ್ತು. ನೂರು ವರ್ಷ ದಾಟಿದ ರಿಫೈನರಿಯೊಂದು ಇನ್ನೂ ಕೆಲಸ ಮಾಡುತ್ತಿದೆ ಎಂದು ಓದಿದಾಗಿನಿಂದ ಅದನ್ನು ನೋಡಲೇಬೇಕು ಅನ್ನಿಸಿತ್ತು. ಕಳೆದ ಡಿಸೆಂಬರ್‌ನಲ್ಲಿ ಅಸ್ಸಾಮಿಗೆ ಹೋಗುವ ಅವಕಾಶ ಸಿಕ್ಕಿತು. ಕಾಜಿರಂಗ, ಮಾಜುಲಿ ಎರಡನ್ನೂ ನೋಡಿದೆ, ಚೆನ್ನಾಗಿವೆ. ಅವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಆ ಹಳೆಯ ರಿಫೈನರಿ ಇರುವ ದಿಗ್ಬೋಯ್ ಬಗ್ಗೆ ಹೇಳುತ್ತೇನೆ.

ಮೊದಲು ಒಂದು ಎಚ್ಚರಿಕೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂವರೆ ಒಳಗೆ ಸೂರ್ಯ ಮುಳುಗಿಬಿಡುತ್ತಾನೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ದಿಬ್ರುಗಢದಿಂದ ಬೆಳಗ್ಗೆ ಹತ್ತಕ್ಕೆ ಬರಬೇಕಿದ್ದ ಕಾರು ಒಂದೂವರೆಗೆ ಬಂತು. ಮುಂಗಡ ಹಣ ಪೂರ್ತಿ ತೆಗೆದುಕೊಂಡವರು ಫೋನ್ ಎತ್ತಲೇ ಇಲ್ಲ. ತಿನ್ಸುಕಿಯಾ ದಾಟಿ, ಚಹಾ ತೋಟಗಳ ನಡುವೆ ಹಾದು ಊರು ಸೇರುವಷ್ಟರಲ್ಲಿ ಬೆಳಕು ಸಾಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಸತ್ತ 200 ಮಂದಿಯ ಸಮಾಧಿ ಇರುವ ಸ್ಮಶಾನವನ್ನು ನೋಡಬೇಕೆಂದು ತುಂಬಾ ಆಸೆಯಿತ್ತು. ಗೇಟಿನ ಹತ್ತಿರ ನಿಂತಾಗ ಬಿಳಿ ಕಲ್ಲುಗಳ ಸಾಲು ಮಸುಕಾಗಿ ಕಂಡಿತು, ಅಷ್ಟೇ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹೋಗುವವರು ಪೂರ್ತಿ ಹಣ ಮುಂಚೆ ಕೊಡಬೇಡಿ. ಬೆಳಗ್ಗೆ ಐದೂವರೆಗೇ ಏಳಿ, ಅಲ್ಲಿ ದಿನ ಶುರುವಾಗುವುದೇ ಆಗ.

ಮಾರನೇ ದಿನ ಬೆಳಗ್ಗೆ ತೈಲ ಮ್ಯೂಸಿಯಂಗೆ ಹೋದೆ. ಇಲ್ಲಿನ ಮೊದಲ ಎಣ್ಣೆ ಬಾವಿ ಅದರ ಆವರಣದಲ್ಲೇ ಇದೆ. 1889ರ ಸೆಪ್ಟೆಂಬರ್‌ನಲ್ಲಿ ಕೊರೆಯಲು ಶುರುಮಾಡಿದರು. 1890ರ ನವೆಂಬರ್‌ನಲ್ಲಿ ಮುಗಿದಾಗ ಆಳ 662 ಅಡಿ. ಈಗ ಕೋಲಾರದಲ್ಲಿ ಬರೀ ನೀರಿಗೇ ಅದಕ್ಕಿಂತ ಆಳ ಹೋಗುತ್ತಾರೆ. ಲಾರಿ ಮೇಲಿನ ಯಂತ್ರ ಒಂದೆರಡು ದಿನದಲ್ಲಿ ಕೊರೆದು ಮುಗಿಸುತ್ತದೆ. ಇವರು ಉಗಿ ಯಂತ್ರ ಇಟ್ಟುಕೊಂಡು, ಕಾಡಿನ ನಡುವೆ, ಮಲೇರಿಯಾದ ನಡುವೆ ಹದಿನಾಲ್ಕು ತಿಂಗಳು ಕೊರೆದಿದ್ದಾರೆ. ಬಾವಿಯ ಬಾಯಿ ನೋಡುತ್ತಾ ತುಂಬಾ ಹೊತ್ತು ನಿಂತೆ.

ಊರಿಗೆ ಹೆಸರು ಬಂದ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ರೈಲು ಹಳಿ ಹಾಕುತ್ತಿದ್ದ ಕಂಪನಿಯ ಆನೆಗಳು ಮರ ಎಳೆದು ವಾಪಸ್ ಬಂದಾಗ ಕಾಲಿಗೆ ಎಣ್ಣೆ ಮೆತ್ತಿತ್ತಂತೆ. ಅದನ್ನು ಕಂಡ ಇಂಗ್ಲಿಷ್ ಎಂಜಿನಿಯರ್ 'ಡಿಗ್, ಬಾಯ್, ಡಿಗ್' ಎಂದನಂತೆ. ಅಗೆಯೋ ಹುಡುಗಾ, ಅಗಿ! ಆನೆಯ ಭಾಗ ನನಗೆ ಇಷ್ಟವಾಯಿತು, ಉಳಿದದ್ದು ಆಗಲಿಲ್ಲ. ಅಗೆದವನು ಬೆಳೆದ ಆಳು, ಅವನನ್ನು ಹುಡುಗ ಅಂತ ಕರೆದ ಮಾತೇ ಊರಿನ ಹೆಸರಾಯಿತು ಎಂದು ನಂಬಲು ಮನಸ್ಸಿಲ್ಲ. ಸುತ್ತಮುತ್ತಲ ನದಿಗಳನ್ನು ನೋಡಿ: ದಿಹಿಂಗ್, ದಿಬ್ರು, ದಿಸಾಂಗ್. ಅಲ್ಲಿನ ಹಳೆಯ ಬುಡಕಟ್ಟು ಭಾಷೆಗಳಲ್ಲಿ 'ದಿ' ಅಂದರೆ ನೀರು. ಆ ಹೆಸರು ಎಂಜಿನಿಯರ್ ಬರುವುದಕ್ಕೆ ಮುಂಚೆಯೇ ಇತ್ತು ಅಂತ ನನಗನ್ನಿಸುತ್ತದೆ.

ರಿಫೈನರಿ ಒಳಗೆ ಸುಮ್ನೆ ನೋಡಲು ಬಂದವರನ್ನು ಬಿಡುವುದಿಲ್ಲ, ಬಿಡಲೂಬಾರದು. ಹೊರಗಿನ ರಸ್ತೆಯಲ್ಲೇ ನಡೆದೆ. ನಮ್ಮೂರಿನದು ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವಂಥದ್ದು. ದಿಗ್ಬೋಯ್‌ನದು 6.5 ಲಕ್ಷ ಟನ್. ನಮ್ಮದರ ಪಕ್ಕದಲ್ಲಿಟ್ಟರೆ ಕೊಟ್ಟಿಗೆಯಷ್ಟು. ಆದರೆ ಊರಿನ ಮಧ್ಯದಲ್ಲೇ ಇದೆ. ಕೊಳವೆಗಳ ಹಿಂದೆ ಮರಗಳು, ಮರಗಳ ಹಿಂದೆ ಕಂಬದ ಮೇಲೆ ಕಟ್ಟಿದ ಚಾಂಗ್ ಬಂಗಲೆಗಳು.

ಒಂದು ಓಣಿಯಲ್ಲಿ ಮನೆಯ ಬೇಲಿ ಕಂಡು ನಿಂತೆ. ಬಿದಿರಲ್ಲ, ಕಬ್ಬಿಣದ ದಪ್ಪ ಕೊಳವೆ. ಗೇಟಿನ ಕಂಬವಂತೂ ನನ್ನ ತೊಡೆಯಷ್ಟು ದಪ್ಪ. ತುದಿಯಲ್ಲಿ ಸುರುಳಿ ಸುರುಳಿ ತ್ರೆಡ್ ಹಾಗೇ ಇದೆ, ಬೆರಳಿಟ್ಟರೆ ಸಿಕ್ಕುತ್ತದೆ. ನಾನು ಮುಟ್ಟಿ ನೋಡುತ್ತಿದ್ದಾಗ ಒಳಗಿಂದ ಎಂಬತ್ತರ ಹತ್ತಿರದ ಒಬ್ಬ ಅಜ್ಜ ಬಂದರು. 'ಬಾವಿಗೆ ಇಳಿಸಿದ್ದ ಕೊಳವೆ' ಎಂದರು ಹಿಂದಿಯಲ್ಲಿ. 'ನಮ್ಮಪ್ಪ ತಂದು ನೆಟ್ಟಿದ್ದು. ಬೊಹೊಕ್, ಬೊಹೊಕ್.' ಕೂತುಕೊಳ್ಳಿ ಅಂತ. ಜಗುಲಿಯಲ್ಲಿ ಕೂತೆ. ಹಾಲಿಲ್ಲದ ಕೆಂಪು ಚಹಾ ಬಂತು. ನಾನು ಕಾಫಿ ಮನುಷ್ಯ, ಆದರೂ ಅಂಥ ಚಹಾ ಎಲ್ಲೂ ಕುಡಿದಿಲ್ಲ. ಆಮೇಲೆ ಮೂರು ಗಂಟೆ ನಾನು ಅಲ್ಲಿಂದ ಏಳಲಿಲ್ಲ.

ಅವರು ರಿಫೈನರಿಯಲ್ಲಿ ಆಪರೇಟರ್ ಆಗಿದ್ದವರು. ಅವರಪ್ಪನೂ ಅಲ್ಲೇ ಇದ್ದವರು, ಮೇಣದ ವಿಭಾಗದಲ್ಲಿ. ಇಲ್ಲಿನ ಎಣ್ಣೆಯಲ್ಲಿ ಮೇಣ ಜಾಸ್ತಿ. ಆಗೆಲ್ಲ ಎಣ್ಣೆಯನ್ನು ಚೆನ್ನಾಗಿ ತಣ್ಣಗೆ ಮಾಡಿ, ಬಟ್ಟೆಯ ಪದರಗಳ ನಡುವೆ ಹಿಂಡುತ್ತಿದ್ದರಂತೆ. ಮೇಣ ಹೆಪ್ಪಾಗಿ ಉಳಿಯುತ್ತದೆ. ಆದರೆ ಅದರಲ್ಲಿ ಇನ್ನೂ ಎಣ್ಣೆ ಇರುತ್ತದೆ. ಅದಕ್ಕೆ ಮೇಣವನ್ನು ಬೆಚ್ಚನೆ ಕೋಣೆಯಲ್ಲಿಟ್ಟು ಮೆಲ್ಲಗೆ ಶಾಖ ಏರಿಸುವುದು. ಎಣ್ಣೆ ಬೆವರಿನಂತೆ ಒಸರಿ ಇಳಿಯುತ್ತದೆ, ಬಿಳಿ ಮೇಣ ನಿಲ್ಲುತ್ತದೆ. 'ಮೇಣವೂ ಬೆವರುತ್ತಿತ್ತು, ಅಪ್ಪನೂ ಬೆವರುತ್ತಿದ್ದ. ಮನೆಗೆ ಬಂದರೆ ಅಂಗಿಯೆಲ್ಲ ಮೇಣದ ವಾಸನೆ. ನನಗೆ ಅದೇ ಅಪ್ಪನ ವಾಸನೆ' ಎಂದರು.

ಇಲ್ಲಿನ ಎಣ್ಣೆ ಕಾರ್ಮಿಕರ 1939ರ ಮುಷ್ಕರದ ಬಗ್ಗೆ ಕೇಳಿದೆ. ಗುಂಡು ಹಾರಿ ಕಾರ್ಮಿಕರು ಸತ್ತಿದ್ದರು. ಅಪ್ಪ ಆ ವಿಷಯ ಮನೆಯಲ್ಲಿ ಒಮ್ಮೆಯೂ ಎತ್ತಲಿಲ್ಲ ಎಂದು ಸುಮ್ಮನಾದರು. ನಾನೂ ಮತ್ತೆ ಕೇಳಲಿಲ್ಲ.

ರಿಫೈನರಿ ಶುರುವಾದದ್ದು 1901ರ ಡಿಸೆಂಬರ್‌ನಲ್ಲಿ. ನಡೆಸುತ್ತಿದ್ದದ್ದು ಅಸ್ಸಾಂ ಆಯಿಲ್ ಕಂಪನಿ. 1921ರಲ್ಲಿ ಅದು ಬರ್ಮಾ ಆಯಿಲ್ ಕೈಗೆ ಹೋಯಿತು. 1981ರ ಅಕ್ಟೋಬರ್‌ನಲ್ಲಿ ಸರ್ಕಾರ ವಹಿಸಿಕೊಂಡು ಇಂಡಿಯನ್ ಆಯಿಲ್‌ಗೆ ಸೇರಿಸಿತು. ಇದನ್ನೆಲ್ಲ ಅಜ್ಜ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಅವರಿಗೆ ಹೇಳಬೇಕಿದ್ದದ್ದು ಆಮೇಲಿನದು.

'ಹಳೆಯದನ್ನು ಮುಚ್ಚಿಬಿಡುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಇಷ್ಟು ಚಿಕ್ಕದು, ಇಷ್ಟು ದೂರದಲ್ಲಿದೆ. ಮುಚ್ಚಿದರೆ ಊರೇ ಇಲ್ಲ.' ಮುಚ್ಚಲಿಲ್ಲ. 1996ರಲ್ಲಿ ಕಚ್ಚಾ ತೈಲ ಬಟ್ಟಿ ಇಳಿಸುವ ಹೊಸ ಘಟಕ ಬಂತು. ನಮ್ಮೂರಿನದು ಶುರುವಾದ ವರ್ಷವೇ! ನಾನು ಹಾಗೆಂದಾಗ ಅವರು ನನ್ನ ಕೈ ಹಿಡಿದುಕೊಂಡರು. 1999ರಲ್ಲಿ ಕೋಕ್, ಅಂದರೆ ಕಲ್ಲಿದ್ದಲಿನಂಥ ಗಟ್ಟಿ ವಸ್ತು, ಮಾಡುವ ಹೊಸ ಘಟಕ. ಅದರ ಕೆಲಸವನ್ನು ಅವರು ವಿವರಿಸುವಾಗ ನನಗೆ ಆಲೆಮನೆ ನೆನಪಾಯಿತು. ಬೆಲ್ಲದ ಕೊಪ್ಪರಿಗೆ ಹದ ತಪ್ಪಿದರೆ ತಳ ಹಿಡಿಯುತ್ತದಲ್ಲ, ಹಾಗೆ. ಬಟ್ಟಿ ಇಳಿಸಿದ ಮೇಲೆ ಉಳಿಯುವ ಗಟ್ಟಿ ಎಣ್ಣೆಯನ್ನು ಕುಲುಮೆಯ ಕೊಳವೆಗಳಲ್ಲಿ ಐನೂರು ಡಿಗ್ರಿ ಹತ್ತಿರಕ್ಕೆ ಕಾಯಿಸುತ್ತಾರೆ. ಆದರೆ ಕೊಳವೆಯೊಳಗೆ ನಿಲ್ಲಲು ಬಿಡದೆ ಸರಸರ ಓಡಿಸುತ್ತಾರೆ. ತಳ ಹಿಡಿಯುವುದಿದ್ದರೆ ಮುಂದಿನ ದೊಡ್ಡ ಡ್ರಮ್ಮಿನಲ್ಲಿ ಹಿಡಿಯಲಿ ಅಂತ. ಅಲ್ಲಿ ಅದು ಒಡೆದು ಹಗುರ ಭಾಗ ಆವಿಯಾಗಿ ಮೇಲೆ ಹೋಗುತ್ತದೆ, ಕಪ್ಪು ಕೋಕ್ ಕೆಳಗೆ ಉಳಿಯುತ್ತದೆ. ಅದನ್ನು ಭಾರಿ ಒತ್ತಡದ ನೀರು ಹಾಯಿಸಿ ಕತ್ತರಿಸಿ ತೆಗೆಯುತ್ತಾರೆ. ಎಸೆಯುವಂಥದ್ದು ಏನೂ ಇಲ್ಲ.

ಮೇಣಕ್ಕೂ ಹೊಸ ಘಟಕ ಬಂತು. ಹಿಂಡುವುದು, ಬೆವರಿಸುವುದು ಹೋಗಿ, ದ್ರಾವಕ ಬೆರೆಸಿ ತಣಿಸಿ ಸೋಸುವ ಕ್ರಮ. 2002ರಲ್ಲಿ ಹೈಡ್ರೋಜನ್ ಬಳಸಿ ಡೀಸೆಲ್ ಗುಣಮಟ್ಟ ಹೆಚ್ಚಿಸುವ ಘಟಕ. ಈಗ ಸಾಮರ್ಥ್ಯವನ್ನು 10 ಲಕ್ಷ ಟನ್‌ಗೆ ಏರಿಸುವ ಕೆಲಸ ಕೈಗೆತ್ತಿಕೊಂಡಿದ್ದಾರೆ.

'ಹಾಗಾದರೆ 1901ರದ್ದು ಏನು ಉಳಿದಿದೆ, ಖುರಾ?' ಎಂದು ಕೇಳಿದೆ. ಅಲ್ಲಿ ಚಿಕ್ಕಪ್ಪನನ್ನು ಹಾಗೆ ಕರೆಯುತ್ತಾರೆ. ಅವರು ಬೇಲಿಯ ಕಡೆ ನೋಡಿದರು. 'ನಾನು ಹೊಸ ಘಟಕದಲ್ಲಿ ಕೆಲಸ ಕಲಿತದ್ದು ಐವತ್ತರ ವಯಸ್ಸಿನಲ್ಲಿ. ಕಂಪ್ಯೂಟರ್ ಮುಂದೆ ಕೂತಾಗ ಕೈ ನಡುಗುತ್ತಿತ್ತು. ಹಳೆಯದರಲ್ಲಿ ಕೊಳವೆ ಮುಟ್ಟಿದರೆ, ಸದ್ದು ಕೇಳಿದರೆ ಗೊತ್ತಾಗುತ್ತಿತ್ತು. ಆರು ತಿಂಗಳಾದ ಮೇಲೆ ಹೊಸದರ ಸದ್ದೂ ಗೊತ್ತಾಯಿತು.'

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಟೊಮೆಟೊ ಹಾಕಿದ ಹುಳಿ ಮೀನು, ಮಾಸೊರ್ ಟೆಂಗಾ. ತೆಂಗಿಲ್ಲ, ಖಾರವೂ ಇಲ್ಲ. ನಮ್ಮ ಬಂಗುಡೆ ಸಾರಿನ ನಾಲಿಗೆಗೆ ಮೊದಲ ತುತ್ತು ಸಪ್ಪೆ ಅನ್ನಿಸಿತು. ಎರಡನೇ ಸಲ ಬಡಿಸಿಕೊಂಡೆ.

ಹೊರಡುವಾಗ ಗೇಟಿನ ಕೀಲಿಗೆ ಅಜ್ಜ ಒಂದು ಬಿಳಿ ತುಂಡು ಉಜ್ಜಿದರು. ಮೇಣ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾದ ಕಿಟಕಿ, ಡ್ರಾಯರ್‌ಗಳಿಗೂ ಇದನ್ನೇ ಉಜ್ಜುತ್ತಾರಂತೆ. ನಮ್ಮಮ್ಮನೂ ಆಟಿ ತಿಂಗಳಲ್ಲಿ ಬಾಗಿಲಿಗೆ ಮೇಣದಬತ್ತಿ ಉಜ್ಜುತ್ತಿದ್ದಳು ಎಂದೆ. 'ನಿಮ್ಮ ರಿಫೈನರಿಗೆ ಎಣ್ಣೆ ಎಲ್ಲಿಂದ ಬರುತ್ತೆ?' ಎಂದು ಕೇಳಿದರು. ಹೆಚ್ಚಿನದು ಹಡಗಿನಲ್ಲಿ, ಬೇರೆ ದೇಶಗಳಿಂದ ಎಂದೆ. ಅವರು ಕಾಲಿನಿಂದ ನೆಲವನ್ನು ಎರಡು ಸಲ ತಟ್ಟಿದರು. ಮೇಣದ ತುಂಡನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, 'ಬೇಗ ಹೊರಡಿ, ಕತ್ತಲಾಗುತ್ತೆ' ಎಂದರು. ಗಂಟೆ ಮೂರಾಗಿತ್ತು.