ಎಂಜಿಎ ಅರಸೀಕೆರೆಗೆ ಹೊರಟ ದಿನ

17 ನವೆಂಬರ್ 2024, ಭಾನುವಾರ
ತುಮಕೂರು

ಐದೂವರೆಗೇ ಎಚ್ಚರವಾಯಿತು. ಮಾರಿದ ಗಾಡಿ ಇವತ್ತು ಹೋಗುತ್ತದೆ ಅನ್ನೋದು ರಾತ್ರಿಯೆಲ್ಲ ತಲೆಯಲ್ಲೇ ಕೂತಿತ್ತು. ಮನೆಯವಳು ಕಾಫಿ ಕೊಡುತ್ತಾ, "ಅವರು ಬರೋದು ಹತ್ತಕ್ಕಲ್ವಾ? ಅಷ್ಟರಲ್ಲಿ ಒಂದ್ಸಲ ದೇವರಾಯನದುರ್ಗಕ್ಕೆ ಹೋಗ್ಬನ್ನಿ" ಅಂದಳು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಶೆಡ್ಡಿನ ಬಾಗಿಲು ತೆಗೆದು ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಎಂಜಿಎ 1500, ಎಂಜಿ ಕಂಪನಿಯ 1958ರ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1955ರಿಂದ 1962ರವರೆಗೆ ಎಂಜಿಎ ತಯಾರಾಗುತ್ತಿತ್ತು. ಒಟ್ಟು ಲೆಕ್ಕ ಒಂದು ಲಕ್ಷ ದಾಟಿತು, ಬಹುಪಾಲು ಹೊರದೇಶಗಳಿಗೇ ಹೋದವು. ಎರಡೇ ಸೀಟು, ಮೇಲೆ ಆಕಾಶ. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಕೈ ಒಳಗೆ ಇಳಿಬಿಟ್ಟು ತಂತಿ ಎಳೆಯಬೇಕು. ಮೊದಲ ಸಲ ಬಂದವರೆಲ್ಲ ಹಿಡಿ ಎಲ್ಲಿದೆ ಅಂತ ಬಾಗಿಲು ತಡವುತ್ತಾರೆ.

ಕೀ ತಿರುಗಿಸಿದೆ. ಹಿಂದುಗಡೆಯಿಂದ ಟಿಕ್ ಟಿಕ್ ಟಿಕ್ ಶುರುವಾಯಿತು. ಅದು ಪೆಟ್ರೋಲ್ ಪಂಪು, ಕರೆಂಟಿನದ್ದು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್ ತುಂಬುತ್ತಾ ಬಂದಂತೆ ಟಿಕ್ ನಿಧಾನವಾಗುತ್ತದೆ, ಆಮೇಲೆ ನಿಲ್ಲುತ್ತದೆ. ನಿಂತ ಮೇಲೆ ಚೋಕ್ ಎಳೆದು ಸ್ಟಾರ್ಟರ್ ಗುಂಡಿ ಎಳೆಯಬೇಕು. ಇವತ್ತು ಒಂದೇ ಎಳೆತಕ್ಕೆ ಹಿಡಿಯಿತು.

ಊರು ದಾಟಿದ ಮೇಲೆ ಚಳಿ. ಎರಡೂ ಕಡೆ ರಾಗಿ ಕೊಯ್ಲಿಗೆ ಬಂದಿದೆ, ತೆನೆಯ ಮೇಲೆಲ್ಲ ಇಬ್ಬನಿ. ನಾಮದ ಚಿಲುಮೆ ಹತ್ತಿರ ಕಾಡಿನ ವಾಸನೆ ಮುಖಕ್ಕೇ ಹೊಡೆಯುತ್ತದೆ. ಗಾಜು ಮುಚ್ಚಿಕೊಂಡು ಎಸಿ ಹಾಕಿಕೊಂಡು ಇದೇ ದಾರಿಯಲ್ಲಿ ನೂರು ಸಲ ಹೋಗಿದ್ದೇನೆ. ಆ ವಾಸನೆ ಗೊತ್ತಾಗಿದ್ದು ಈ ಗಾಡಿಯಲ್ಲೇ. ದೇವರಾಯನದುರ್ಗದ ತಿರುವುಗಳಲ್ಲಿ ಎರಡನೇ ಗೇರು ಸಾಕು. ಮೊದಲನೇ ಗೇರಿಗೆ ಸಿಂಕ್ರೋ, ಅಂದರೆ ಗೇರು ನಯವಾಗಿ ಕೂರುವ ಏರ್ಪಾಡು, ಇಲ್ಲ; ಓಡುವಾಗ ಅದಕ್ಕೆ ಇಳಿಸಬೇಕೆಂದರೆ ಕ್ಲಚ್ ಎರಡು ಸಲ ಒತ್ತಿ, ನಡುವೆ ಒಂದಿಷ್ಟು ಆಕ್ಸಿಲರೇಟರ್ ಕೊಟ್ಟು ಹಾಕಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಅದಕ್ಕೇ ಇಳಿಯುವಾಗ ಗೇರಿನಲ್ಲೇ ಹಿಡಿದುಕೊಂಡು ಬರುತ್ತೇನೆ. ಮೇಲೆ ಭೋಗ ನರಸಿಂಹಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ, ಕೈ ಮುಗಿದು, ಹಾಗೇ ವಾಪಸ್ ತಿರುಗಿಸಿದೆ. ಒಟ್ಟು ಮೂವತ್ತು ಕಿಲೋಮೀಟರ್ ಚಿಲ್ಲರೆ. ಎಲ್ಲೂ ಒಂದು ಕೆಮ್ಮಿಲ್ಲ.

ಈ ಗಾಡಿ ಸಿಕ್ಕಿದ್ದು 2017ರಲ್ಲಿ, ತಿಪಟೂರು ಕಡೆಯ ಒಂದು ತೆಂಗಿನ ತೋಟದ ಕೊಟ್ಟಿಗೆಯಲ್ಲಿ. ಮೇಲೆ ಸೋಗೆ ಒಟ್ಟಿದ್ದರು, ಸೀಟಿನ ಜಾಗದಲ್ಲಿ ಕೋಳಿ ಕಾವು ಕೂತಿತ್ತು. ಮೈಸೂರು ರಾಜ್ಯದ ಕಾಲದ, ಎಂವೈ ಅಂತ ಶುರುವಾಗುವ ನಂಬರು. ಎಂಜಿಎಗೆ ಕಾಲಿಡುವ ನೆಲ ಮರದ ಹಲಗೆಯದ್ದು. ನಮ್ಮದರಲ್ಲಿ ಅದನ್ನೆಲ್ಲ ಗೆದ್ದಲು ತಿಂದು ಮುಗಿಸಿತ್ತು, ಸೀಟಿನಲ್ಲಿ ಕೂತರೆ ಕಾಲು ನೇರ ಮಣ್ಣಿಗೇ. ಬಾನೆಟ್, ಡಿಕ್ಕಿ ಮುಚ್ಚಳ, ಬಾಗಿಲ ಹೊದಿಕೆ ಅಲ್ಯೂಮಿನಿಯಂ, ಉಳಿದ ಬಾಡಿ ಉಕ್ಕು. ಎರಡು ಲೋಹ ಒಂದಕ್ಕೊಂದು ತಾಗುವ ಕಡೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಯಾವುದೋ ಕಾಲದಲ್ಲಿ ಯಾರೋ ಅದರ ಮೇಲೆ ಬೆರಳು ದಪ್ಪ ಪುಟ್ಟಿ ಬಳಿದು ಬಣ್ಣ ಹೊಡೆದಿದ್ದರು. ಅದನ್ನು ಕೆತ್ತಿ ತೆಗೆಯುವುದಕ್ಕೇ ಒಂದು ತಿಂಗಳು ಹಿಡಿಯಿತು. ಟಿಂಕರಿಂಗ್ ಮುಗಿಯುವ ಹೊತ್ತಿಗೆ ಒಂದೂವರೆ ವರ್ಷ.

ಆದರೆ ನಾನು ಇವತ್ತು ಬರೆಯಬೇಕು ಅಂದುಕೊಂಡದ್ದು ಇಂಜಿನ್ನಿನ ವಿಷಯ.

ಬಾನೆಟ್ ಎತ್ತಿದ ದಿನ ಮೇಸ್ತ್ರಿ ಜೊತೆಗಿದ್ದರು. ನಲವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿಗಳನ್ನೇ ನೋಡಿಕೊಂಡು ಬಂದ ಕೈ ಅದು. ಬಗ್ಗಿ ನೋಡಿ, ಬಟ್ಟೆಯಲ್ಲಿ ಬ್ಲಾಕಿನ ಪಕ್ಕ ಉಜ್ಜಿ, "ಸಾರ್, ಇದು ನಮ್ಮ ಅಂಬಾಸಿಡರ್ ಇಂಜಿನ್" ಅಂದರು. ನನಗೆ ಎದೆ ಧಸಕ್ಕೆಂದಿತು. ಎಂಜಿಎ 1500ರ ಇಂಜಿನ್ ನಂಬರಿನಲ್ಲಿ 15ಜಿಬಿ ಅಂತ ಇರುತ್ತದೆ ಅಂತ ಓದಿಕೊಂಡು ಹೋಗಿದ್ದೆ, ಹುಡುಕಿದರೆ ಅದು ಇಲ್ಲ. ಆಮೇಲೆ ತೋಟದ ಮನೆಯವರು ಹಳೇ ಆರ್‌ಸಿ ತಂದು ತೋರಿಸಿದರು. 1974ರಲ್ಲಿ ಮೂಲ ಇಂಜಿನ್ನಿನ ಬ್ಲಾಕ್ ಸೀಳಿಹೋಗಿ, ಅವರ ತಾತ ಅಂಬಾಸಿಡರ್ ಇಂಜಿನ್ ಕೂರಿಸಿದ್ದರು. ಬದಲಾಯಿಸಿದ್ದನ್ನು ಆರ್‌ಸಿಯಲ್ಲಿ ಬರೆಸಿಯೂ ಇದ್ದರು.

ಅದು ಹೇಗೆ ಕೂತಿತು? ಎರಡೂ ಒಂದೇ ಮನೆಯವು. ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಇಂಜಿನ್, 1489 ಸಿಸಿ. ಬೋರು, ಅಂದರೆ ಸಿಲಿಂಡರಿನ ಅಗಲ, 73 ಮಿಲಿಮೀಟರ್; ಸ್ಟ್ರೋಕು, ಅಂದರೆ ಪಿಸ್ಟನ್ ಓಡುವ ಉದ್ದ, 89. ಆಬಿಂಗ್ಡನ್‌ನಲ್ಲಿ ಅದಕ್ಕೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ ಹಾಕಿ, ಕಂಪ್ರೆಶನ್ ಏರಿಸಿ, 70 ಕುದುರೆ ಆಸುಪಾಸು ಶಕ್ತಿ ತೆಗೆದು ಸ್ಪೋರ್ಟ್ಸ್ ಕಾರಿಗೆ ಇಟ್ಟರು. ಬಂಗಾಳದ ಉತ್ತರಪಾರಾದಲ್ಲಿ ಅದೇ ಇಂಜಿನ್ನಿಗೆ ಒಂದು ಕಾರ್ಬುರೇಟರ್ ಕೊಟ್ಟು, ಏಳೆಂಟು ಜನ ಕೂತು ಮೇಲೆ ಗಂಟುಮೂಟೆ ಕಟ್ಟಿದ ಅಂಬಾಸಿಡರಿಗೆ ಇಟ್ಟರು. ಅಂಬಾಸಿಡರ್ ತಯಾರಾಗೋದು 2014ರಲ್ಲಿ ನಿಂತಿತು. ಪಿಸ್ಟನ್, ರಿಂಗು, ಬೇರಿಂಗ್, ಗ್ಯಾಸ್ಕೆಟ್ ಮಾತ್ರ ಇವತ್ತಿಗೂ ಹುಡುಕಿದರೆ ಸಿಗುತ್ತದೆ. ಎಂಜಿಎ ಸಾಮಾನನ್ನು ಇಂಗ್ಲೆಂಡಿನಿಂದ ತರಿಸಿ, ಕಸ್ಟಮ್ಸ್ ಕಟ್ಟಿ, ವಾರಗಟ್ಟಲೆ ಕಾಯುವ ಕಡೆ ಮೇಸ್ತ್ರಿ ಬಿ.ಎಚ್. ರೋಡಿನ ಹಳೇ ಅಂಗಡಿಯಿಂದ ಜೇಬಿನಲ್ಲಿ ಇಟ್ಟುಕೊಂಡು ಬಂದುಬಿಡುತ್ತಿದ್ದರು.

ಮೊದಲ ಆರು ತಿಂಗಳು ನಾನು ಮೂಲ ಇಂಜಿನ್ ಹುಡುಕಿದೆ, ನಿಜ. ಆಮೇಲೆ ಬಿಟ್ಟೆ. ಈ ಇಂಜಿನ್ ಇಲ್ಲದಿದ್ದರೆ ಗಾಡಿ 1974ರಲ್ಲೇ ಗುಜರಿಗೆ ಹೋಗುತ್ತಿತ್ತು. ತುಮಕೂರು ಜಿಲ್ಲೆಯ ಮಣ್ಣಿನ ರಸ್ತೆಯಲ್ಲಿ ಅದನ್ನು ಉಳಿಸಿಕೊಂಡು ಬಂದದ್ದು ಇದೇ. ಅದನ್ನು ಕಿತ್ತು ಬಿಸಾಡೋದು ನನಗೆ ಸರಿ ಕಾಣಲಿಲ್ಲ. ಬೋರಿಂಗ್ ಮಾಡಿಸಿ, ಹೆಡ್ ಕೆಲಸ ಮಾಡಿಸಿ, ಎಂಜಿಎಯದೇ ಮ್ಯಾನಿಫೋಲ್ಡು ಮತ್ತು ಎರಡು ಎಸ್‌ಯು ಕಾರ್ಬುರೇಟರ್ ಹುಡುಕಿ ಹಾಕಿದೆವು. ಅವೆರಡಕ್ಕೆ ಮಾತ್ರ ದುಡ್ಡು ನೋಡಲಿಲ್ಲ.

ಎರಡು ಕಾರ್ಬುರೇಟರನ್ನು ಜೋಡಿ ಮಾಡುವ ಕೆಲಸ ನೋಡಬೇಕು ನೀವು. ಮೇಸ್ತ್ರಿ ಒಂದು ರಬ್ಬರ್ ಪೈಪಿನ ತುದಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ, ಇನ್ನೊಂದು ತುದಿ ಮೊದಲನೇ ಕಾರ್ಬುರೇಟರ್ ಬಾಯಿಗೆ. ಕಣ್ಣು ಮುಚ್ಚಿ ಗಾಳಿಯ ಸುಯ್ ಶಬ್ದ ಕೇಳುತ್ತಾರೆ. ಆಮೇಲೆ ಎರಡನೆಯದಕ್ಕೆ. ಒಂದು ಜೋರು, ಒಂದು ಸಣ್ಣ ಅಂದರೆ ಸ್ಕ್ರೂ ಕಾಲು ಸುತ್ತು ತಿರುಗಿಸಿ ಮತ್ತೆ ಮೊದಲಿನಿಂದ. ಎರಡೂ ಒಂದೇ ಸ್ವರಕ್ಕೆ ಬಂದ ಮೇಲೆ ಪೆಟ್ರೋಲಿನ ಅಳತೆ. ಸಣ್ಣ ಸ್ಕ್ರೂಡ್ರೈವರಿನಲ್ಲಿ ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತುತ್ತಾರೆ. ಇಂಜಿನ್ ಸ್ಪೀಡು ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಸಾಯೋಕೆ ಹೋದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ತನ್ನ ಜಾಗಕ್ಕೆ ಬಂದು ಕೂತರೆ ಸರಿ. ಮೊದಲ ಸಲ ಮಧ್ಯಾಹ್ನ ಎರಡಕ್ಕೆ ಶುರುಮಾಡಿದವರು ಸಂಜೆ ಆರರವರೆಗೆ ಬಗ್ಗೇ ಇದ್ದರು. ಟೀ ಆರಿಹೋಯಿತು, ತಿರುಗಿ ನೋಡಲಿಲ್ಲ.

ಒಂದು ವಿಷಯ ಮಾತ್ರ ಸರಿಮಾಡಲಾಗಲಿಲ್ಲ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅಂತ ತೋರಿಸುವ ಎಂಜಿಎಯ ಆರ್‌ಪಿಎಂ ಮೀಟರಿಗೆ ಇಂಜಿನ್ನಿನ ಕ್ಯಾಮ್ ಶಾಫ್ಟಿನಿಂದ ಕೇಬಲ್ ಬರುತ್ತದೆ. ನಮ್ಮ ಅಂಬಾಸಿಡರ್ ಬ್ಲಾಕಿನಲ್ಲಿ ಆ ಕೇಬಲ್ ಹಿಡಿಯುವ ಜಾಗವೇ ಇಲ್ಲ. ನಮ್ಮ ಬೀದಿಯಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದು ರಿಟೈರ್ ಆದ ಒಬ್ಬ ಅಜ್ಜ ಇದ್ದಾರೆ. ತುಮಕೂರಿನವರಿಗೆ ಹೇಳಬೇಕಿಲ್ಲ, ಆ ಫ್ಯಾಕ್ಟರಿ ಮುಚ್ಚಿ, ಜಾಗ ಇಸ್ರೋಗೆ ಹೋಯಿತು. ಕೈ ಮಾತ್ರ ಈ ಊರಿನಲ್ಲೇ ಉಳಿದಿದೆ. ಸ್ಮಿತ್ಸ್ ಕಂಪನಿಯ ಎರಡೂ ಮೀಟರ್ ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಚ್ಚಿದರು. "ಇವರು ಗಡಿಯಾರ ಮಾಡ್ತಿದ್ದವರು ಕಣಪ್ಪ, ಒಳಗಿನ ಕೆಲಸ ನೋಡಿದ್ರೇ ಗೊತ್ತಾಗುತ್ತೆ" ಅಂದರು. ಮುಳ್ಳಿನ ಹಿಂದಿನ ಕೂದಲಿನಂಥ ಸ್ಪ್ರಿಂಗು ತುಕ್ಕು ಹಿಡಿದಿತ್ತು, ಅದನ್ನು ಎರಡು ದಿನ ಕೂತು ಸರಿಮಾಡಿದರು. ಸ್ಪೀಡೋಮೀಟರ್ ಇವತ್ತಿಗೂ ಮೈಲಿಯಲ್ಲಿ ಸರಿಯಾಗಿ ತೋರಿಸುತ್ತದೆ. ಆರ್‌ಪಿಎಂ ಮೀಟರಿಗೆ ಸಣ್ಣ ಕೇಬಲ್ ಸಿಕ್ಕಿಸಿ ಬೆರಳಲ್ಲಿ ಬಿರಬಿರನೆ ತಿರುಗಿಸಿದರು. ಮುಳ್ಳು ಮೆಲ್ಲಗೆ ಎದ್ದು, ನಡುಗಿ, ಮತ್ತೆ ಕೆಳಗೆ ಬಂತು. ಇಬ್ಬರೂ ಅದನ್ನೇ ನಾಲ್ಕೈದು ಸಲ ಮಾಡಿ ನೋಡಿದೆವು. ಈಗ ಅದು ಡ್ಯಾಶ್‌ಬೋರ್ಡಿನಲ್ಲಿ ಕೂತಿದೆ, ಮುಳ್ಳು ಸೊನ್ನೆಯಲ್ಲಿದೆ. ಒಳಗೆಲ್ಲ ಸರಿಯಿದೆ ಅಂತ ನನಗೆ ಗೊತ್ತು.

ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಗಾಡಿ ತುಂಬಾ ಹಿಡಿಸಿತು. ನಾನು ಕೇಳಿದ್ದಕ್ಕಿಂತ ಜಾಸ್ತಿ ಕೊಡುತ್ತೇನೆ ಅಂದರು. ಒಂದೇ ಷರತ್ತು: ಇಂಜಿನ್ ನಂಬರ್ ಉಜ್ಜಿಸಿ, ಎಂಜಿ ನಂಬರ್ ಹೊಡೆಸಿಕೊಡಬೇಕು. "ಯಾರಿಗೆ ಗೊತ್ತಾಗುತ್ತೆ ಬಿಡಿ" ಅಂದರು. ಕಾನೂನಿಗೆ ತಪ್ಪು ಅನ್ನೋದು ಒಂದು ಕಡೆ. ಆ ತಾತ 1974ರಲ್ಲಿ ಆರ್‌ಟಿಒ ಆಫೀಸಿಗೆ ಹೋಗಿ, ನೆಟ್ಟಗೆ ಬರೆಸಿಟ್ಟಿದ್ದಾರೆ. ಅದರ ಮೇಲೆ ನಾನು ಸುಳ್ಳು ಕೆತ್ತಿಸಲಾ? ಆಗೋದಿಲ್ಲ ಅಂದೆ. ಮೇಸ್ತ್ರಿ ಆ ದಿನ ಅವರ ಜೊತೆ ಮಾತೇ ಆಡಲಿಲ್ಲ.

ಇವತ್ತು ಬಂದವರು ಅರಸೀಕೆರೆಯ ಪಶುವೈದ್ಯರು. ಜೊತೆಗೆ ಅವರ ಭಾಮೈದ, ಹಿಂದೆ ಬರಲು ಬೇರೆ ಕಾರು. ಹೋದ ತಿಂಗಳು ಮೊದಲ ಸಲ ಬಂದಾಗಲೇ ಇಂಜಿನ್ ಕಥೆಯೆಲ್ಲ ಹೇಳಿ, ಅದಕ್ಕೆ ತಕ್ಕಂತೆ ಎರಡು ಲಕ್ಷ ಕಡಿಮೆಗೆ ಮಾತಾಡಿದ್ದೆ. ಅವರು ನಕ್ಕು, "ನಮ್ಮಪ್ಪನ ಹತ್ರ ಅಂಬಾಸಿಡರ್ ಇತ್ತು ಸಾರ್, ಟ್ಯಾಪೆಟ್ ಇಡೋದು ನಂಗೂ ಬರುತ್ತೆ" ಅಂದಿದ್ದರು. ಅವತ್ತೇ ಗಾಡಿ ಇವರಿಗೆ ಅಂತ ಒಳಗೇ ತೀರ್ಮಾನ ಮಾಡಿಬಿಟ್ಟೆ.

ಇವತ್ತು ಅವರು 2021ರ ವಿಂಟೇಜ್ ನಿಯಮದ ಬಗ್ಗೆ ಕೇಳಿದರು. 50 ವರ್ಷ ದಾಟಿದ ಗಾಡಿಗೆ ವಿಎ ಸೀರೀಸಿನ ನಂಬರು, 20,000 ರೂಪಾಯಿ ಫೀಸು, ಹತ್ತು ವರ್ಷ ನಡೆಯುತ್ತದೆ. ಆದರೆ ಆ ನಂಬರಿನಲ್ಲಿ ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಬಿಟ್ಟರೆ ದಿನಬಳಕೆಗೆ ರಸ್ತೆಗೆ ಇಳಿಸುವ ಹಾಗಿಲ್ಲ. ಮೊದಲೇ ನೋಂದಣಿ ಆದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ನಮ್ಮದರ ಆರ್‌ಸಿ ರಿನ್ಯೂವಲ್ ಆಗಿದೆ, ಇನ್ಶೂರೆನ್ಸ್ ಇದೆ. "ಓಡಿಸೋ ಆಸೆ ಇದ್ರೆ ಹಳೇ ನಂಬರೇ ಇರ್ಲಿ ಡಾಕ್ಟ್ರೇ" ಅಂದೆ. ಗಾಡಿಯನ್ನು ಅವರ ಹೆಸರಿಗೆ ಮಾಡುವ 29, 30 ಎರಡೂ ಫಾರಂಗೆ ಸಹಿ ಹಾಕಿದೆವು. ಜೊತೆಗೆ ಒಂದು ಹಾಳೆಯಲ್ಲಿ ಯಾವುದು ಮೂಲ, ಯಾವುದು ಅಂಬಾಸಿಡರಿನದ್ದು, ಯಾವುದು ಇಲ್ಲೇ ಲೇತಿನಲ್ಲಿ ಮಾಡಿಸಿದ್ದು ಅಂತ ಬರೆದು ಅದಕ್ಕೂ ಸಹಿ ಹಾಕಿ ಕೊಟ್ಟೆ.

ಮೇಸ್ತ್ರಿ ಅವರನ್ನು ಕೂರಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದರು. ಬ್ಯಾಟರಿ ಆರು ವೋಲ್ಟಿನವು ಎರಡು, ಸೀಟಿನ ಹಿಂದೆ. ಪಾಸಿಟಿವ್ ಅರ್ಥ್, ಅಂದರೆ ಪ್ಲಸ್ ವೈರು ಬಾಡಿಗೆ. ಬೇರೆ ಗಾಡಿಯಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಲೇಬೇಡಿ, ಸುಟ್ಟುಹೋಗುತ್ತೆ. ಕಾರ್ಬುರೇಟರ್ ಮೇಲಿನ ಮುಚ್ಚಳ ಬಿಚ್ಚಿ ತಿಂಗಳಿಗೊಮ್ಮೆ ಎಣ್ಣೆ ನೋಡಿ, ತೆಳು ಎಣ್ಣೆ ಹಾಕಿ. ಕೊನೆಗೆ ಆ ರಬ್ಬರ್ ಪೈಪನ್ನೇ ಸುತ್ತಿ ಅವರ ಕೈಗಿಟ್ಟರು. ನಾನು ಅದನ್ನು ಅಂದುಕೊಂಡಿರಲಿಲ್ಲ.

ಹನ್ನೆರಡು ಗಂಟೆಗೆ ಹೊರಟರು. ಗುಬ್ಬಿ, ನಿಟ್ಟೂರು, ತಿಪಟೂರು ಮೇಲೆ ಅರಸೀಕೆರೆ, ನೂರು ಕಿಲೋಮೀಟರ್ ಹತ್ತಿರ. ತಿಪಟೂರು ದಾರಿ ಅದಕ್ಕೆ ಹೊಸದೇನಲ್ಲ. ಬೀದಿ ಕೊನೆಯಲ್ಲಿ ತಿರುಗಿದ ಮೇಲೂ ಸೈಲೆನ್ಸರ್ ಶಬ್ದ ಸ್ವಲ್ಪ ಹೊತ್ತು ಕೇಳುತ್ತಿತ್ತು. ಎಚ್‌ಎಂಟಿ ಅಜ್ಜ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದವರು ಎದ್ದು ನಿಂತರು.

ಮೇಸ್ತ್ರಿ ಮನೆಗೆ ಹೋಗಲಿಲ್ಲ. ಊಟ ಮಾಡಿ ಶೆಡ್ಡಿನಲ್ಲೇ ಸ್ಪ್ಯಾನರ್ ಒರೆಸುತ್ತಾ ಕೂತರು. ಇಂಚಿನವು ಒಂದು ಕಡೆ, ಮಿಲಿಮೀಟರಿನವು ಒಂದು ಕಡೆ.

ಮೂರಕ್ಕೆ ಡಾಕ್ಟರ ಫೋನ್ ಬಂತು. ಅರಸೀಕೆರೆ ತಲುಪಿದರಂತೆ. ಸ್ಪೀಕರಿಗೆ ಹಾಕಿದೆ. ಮೇಸ್ತ್ರಿ ಕೇಳಿದ್ದು ಒಂದೇ: "ಆಯಿಲ್ ಪ್ರೆಶರ್ ಎಷ್ಟು ತೋರಿಸ್ತಿತ್ತು ಸಾರ್, ಬಿಸಿ ಆದ್ಮೇಲೆ?"

"ಐವತ್ತು. ಮುಳ್ಳು ಅಲ್ಲಾಡ್ಲೇ ಇಲ್ಲ."

"ಹಂಗಾದ್ರೆ ಆಯ್ತು" ಅಂತ ಹೇಳಿ ಕೈ ತೊಳೆಯೋಕೆ ಎದ್ದರು.