ಬ್ರೂಸ್ ಡಿಕಿನ್ಸನ್ ಹಾಡಿದ್ದನ್ನು ಅರಮನೆ ಮೈದಾನದಲ್ಲಿ ಕೇಳಿದವರ ನೆನಪು ಕೂಡಿಸುವುದು ಹೇಗೆ?

ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಐರನ್ ಮೇಡನ್ ಬೆಂಗಳೂರಿಗೆ ಬಂದಾಗ ನಮ್ಮ ಗುಂಪೆಲ್ಲ ಹೋಗಿತ್ತು. ಬ್ರೂಸ್ ಡಿಕಿನ್ಸನ್ ಹಾಡಿದ್ದನ್ನು ಕಂಡವರ ನೆನಪುಗಳನ್ನು ಒಂದು ಕಡೆ ಕೂಡಿಸಿ ಇಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋದು?" ಐರನ್ ಮೇಡನ್ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್, ಬ್ರೂಸ್ ಅದರ ಗಾಯಕ. ಹೀಗೆ ಕೇಳುವವರ ಹತ್ತಿರ ಸಾಮಾನ್ಯವಾಗಿ ಹರಿದ ಟಿಕೆಟ್ ಚೂರೊಂದು, ಬಣ್ಣ ಮಾಸಿದ ಕಪ್ಪು ಟೀ ಶರ್ಟ್, ಹಳೇ ಮೊಬೈಲಿನ ಮೆಮೊರಿ ಕಾರ್ಡ್ ಇರುತ್ತದೆ. ಯಾವ ಸ್ಕ್ಯಾನರ್ ತಗೊಳ್ಳಲಿ ಅನ್ನೋದು ಮುಂದಿನ ಪ್ರಶ್ನೆ.

ಸ್ಕ್ಯಾನರ್ ಆಮೇಲೆ. ಮೊದಲು ಮಾತು. ಡಬ್ಬಿಯಲ್ಲಿಟ್ಟ ಟಿಕೆಟ್ ಇನ್ನೊಂದು ವರ್ಷ ಕಾಯುತ್ತದೆ. ನೆನಪು ಹಾಗಲ್ಲ, ಹೇಳಿದಾಗಲೆಲ್ಲ ಚೂರು ಬದಲಾಗುತ್ತಾ ಹೋಗುತ್ತದೆ. ಯೂಟ್ಯೂಬಿನಲ್ಲಿ ಅದೇ ಕಾರ್ಯಕ್ರಮದ ತುಣುಕು ನೋಡಿದ ಮೇಲಂತೂ ತಾನು ಕಂಡದ್ದು ಯಾವುದು, ಪರದೆಯಲ್ಲಿ ಕಂಡದ್ದು ಯಾವುದು ಎಂದು ಹೇಳುವವರಿಗೇ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲ ಸಲ ಮಾತಾಡಿಸುವಾಗ ಫೋಟೋ, ವಿಡಿಯೋ, ಹಾಡುಗಳ ಪಟ್ಟಿ ಯಾವುದನ್ನೂ ತೋರಿಸಬೇಡಿ. ಒಂದು ಸುತ್ತು ಪೂರ್ತಿ ಮುಗಿದ ಮೇಲೆ ಫೋಟೋ ತೆಗೆದಿಡಿ. ಆಗ ಹೊಸದಾಗಿ ನೆನಪಾದದ್ದನ್ನು ಎರಡನೇ ಭಾಗವೆಂದು ಬೇರೆಯಾಗಿ ಗುರುತು ಮಾಡಿ.

ಗುಂಪಾಗಿ ಕೂರಿಸಿ ಮಾತಾಡಿಸುವುದು ಎಲ್ಲರಿಗೂ ಇಷ್ಟ. ಫಲ ಮಾತ್ರ ಕಡಿಮೆ. ಐದು ಜನ ಕೂತರೆ ಜೋರು ಬಾಯಿಯವನ ನೆನಪೇ ಐವರ ನೆನಪಾಗಿಬಿಡುತ್ತದೆ. "ಹೂಂ ಮಗಾ, ಹೌದು, ಹಂಗೇ ಆಯ್ತು" ಎಂದು ಉಳಿದವರು ತಲೆಯಾಡಿಸುತ್ತಾರೆ. ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಮಾತಾಡಿಸಿ, ಕೊನೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ. ಆ ಕೊನೆಯ ಕೂಟದಲ್ಲಿ ಎದ್ದೇಳುವ ಜಗಳಗಳೂ ಇಟ್ಟುಕೊಳ್ಳಬೇಕಾದ ಸರಕೇ.

ಇನ್ನು ಪ್ರಶ್ನೆಗಳು. "ಹೇಗಿತ್ತು?" ಎಂದು ಕೇಳಿದರೆ "ಸಖತ್ತಾಗಿತ್ತು ಗುರೂ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. "ನಿಮ್ಮ ಜೀವನದಲ್ಲಿ ಬ್ರೂಸ್‌ಗೆ ಯಾವ ಸ್ಥಾನ?" ಎಂದು ಕೇಳಿದರೆ ಇನ್ನೂ ಕೆಟ್ಟದ್ದು, ಭಾಷಣ ಶುರುವಾಗುತ್ತದೆ. ಕಾಲು ಎಲ್ಲಿತ್ತು, ಕಣ್ಣು ಎಲ್ಲಿತ್ತು ಎಂದು ಕೇಳಿ. ಟಿಕೆಟ್ ಯಾರು ತಂದರು, ದುಡ್ಡು ಎಲ್ಲಿಂದ ಬಂತು? ಮನೆಯಲ್ಲಿ ಏನು ಹೇಳಿ ಹೊರಟಿರಿ? ಮೇಖ್ರಿ ಸರ್ಕಲ್ ಕಡೆಯಿಂದ ಬಂದಿರೋ, ಜಯಮಹಲ್ ರಸ್ತೆ ಕಡೆಯಿಂದಲೋ? ಗೇಟಿನಲ್ಲಿ ಏನು ಕಿತ್ತುಕೊಂಡರು? ವೇದಿಕೆಗೆ ಮುಖ ಮಾಡಿ ನಿಂತಾಗ ಎಡಕ್ಕಿದ್ದಿರೋ ಬಲಕ್ಕೋ? ನೀರು ಎಲ್ಲಿ ಕುಡಿದಿರಿ? ಮುಗಿದ ಮೇಲೆ ಮನೆಗೆ ಹೇಗೆ ಹೋದಿರಿ, ಆಟೋದವನು ಎಷ್ಟು ಕೇಳಿದ? ಒಂದು ಬಿಳಿ ಹಾಳೆ ಕೊಟ್ಟು ಮೈದಾನದ ನಕ್ಷೆ ಬರೆಯಲು ಹೇಳಿ. ಕೈ ಓಡುತ್ತಿರುವಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಾಳೆಯ ಮೇಲೆ ತಾರೀಕು ಹಾಕಿ ಅದನ್ನೂ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಊರಿನ ಹೆಸರು ಹಿಡಿದು "ನನಗಾಗಿ ಕೂಗಿ" ಎಂದು ಬ್ರೂಸ್ ಅರಚಿದ್ದನ್ನು ಎಲ್ಲರೂ ಹೇಳೇ ಹೇಳುತ್ತಾರೆ. ಯಾವ ಊರಿಗೆ ಹೋದರೂ ಆತ ಹಾಗೇ ಕೂಗಿಸುವುದು, ಅದರಿಂದ ನಿಮಗೆ ಹೊಸದೇನೂ ಸಿಗುವುದಿಲ್ಲ. ಆ ಕೂಗಿಗೆ ಪಕ್ಕದಲ್ಲಿದ್ದವರು ಏನು ಮಾಡಿದರು ಎಂದು ಕೇಳಿ.

ರೆಕಾರ್ಡಿಂಗಿಗೆ ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಮಾತಿನ ನಡುವೆಯೇ ಲೋನ್ ಬೇಕಾ ಎಂದು ಫೋನ್ ಬರುತ್ತದೆ. ಆ್ಯಪ್‌ನಲ್ಲಿ ವೇವ್ ಫೈಲ್ ಆಯ್ಕೆ ಇದ್ದರೆ 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಇಡಿ. ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, ಅಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮೊಬೈಲನ್ನು ಬರೀ ಟೇಬಲ್ ಮೇಲಿಡಬೇಡಿ, ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಮಡಿಸಿದ ಟವಲ್ ಮೇಲೆ, ಬಾಯಿಂದ ಒಂದೂವರೆ ಗೇಣು ದೂರ, ಮೈಕ್ ಇರುವ ತುದಿ ಅವರ ಕಡೆಗೆ. ಮಾತಿನ ಮಟ್ಟ ಆ್ಯಪ್ ತೋರಿಸುವ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ. ಮೇಡನ್ ಅಭಿಮಾನಿ ಸುಮ್ಮನೆ ಮಾತಾಡುವುದಿಲ್ಲ, ನಡುವೆ ಹಾಡಿ ತೋರಿಸುತ್ತಾನೆ. ಆಗ ಧ್ವನಿ ಒಡೆಯದಿರಲು ಮೇಲೆ ಅಷ್ಟು ಜಾಗ ಬೇಕು. ಶುರುವಿಗೇ "ಒಂದು ಸಾಲು ಜೋರಾಗಿ ಹಾಡಿ" ಎಂದು ಕೇಳಿ ಮಟ್ಟ ನೋಡಿಕೊಳ್ಳುವುದು ಸುಲಭ. ನಾಚಿಕೆಯೂ ಅಲ್ಲೇ ಕಳೆಯುತ್ತದೆ.

ಜಾಗ ಮಲಗುವ ಕೋಣೆಯೇ ಆಗಲಿ. ಹಾಸಿಗೆ, ಬಟ್ಟೆ ತುಂಬಿದ ಬೀರು ಪ್ರತಿಧ್ವನಿ ಹೀರುತ್ತವೆ. ಫ್ಯಾನ್ ಆಫ್. ಬೆಳಿಗ್ಗೆ ಬೇಡ, ಕಸದ ಆಟೋದ ಹಾಡು, ಕುಕ್ಕರ್ ವಿಷಲ್, ಮಿಕ್ಸಿ ಮೂರೂ ಆಗಲೇ. ಮಧ್ಯಾಹ್ನ ಮೂರರಿಂದ ಐದರ ನಡುವೆ ನಮ್ಮ ಬಡಾವಣೆಗಳು ಸ್ವಲ್ಪ ಸುಮ್ಮನಿರುತ್ತವೆ. ಪಬ್ಬಿನಲ್ಲೋ ದರ್ಶಿನಿಯಲ್ಲೋ ಭೇಟಿ ಮಾಡೋಣ ಎಂದರೆ ಒಪ್ಪಿಕೊಳ್ಳಿ, ಆದರೆ ಮೊಬೈಲ್ ಹೊರಗೆ ತೆಗೆಯಬೇಡಿ. ಅಲ್ಲಿನ ಗದ್ದಲವನ್ನು ಆಮೇಲೆ ಯಾವ ಸಾಫ್ಟ್‌ವೇರೂ ನೀಟಾಗಿ ತೆಗೆಯುವುದಿಲ್ಲ, ತೆಗೆದರೆ ಮಾತಿನ ಅಂಚನ್ನೂ ಕೊಯ್ದುಕೊಂಡು ಹೋಗುತ್ತದೆ.

ಈಗ ಮುಖ್ಯ ವಿಷಯ, ಪರಿಶೀಲನೆ. ಬೆಂಗಳೂರಿನವರ ಮೇಡನ್ ನೆನಪು ಹೆಚ್ಚಾಗಿ ಮೂರು ಕಾರ್ಯಕ್ರಮಗಳ ಕಲಸುಮೇಲೋಗರ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ನಡೆದದ್ದು ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. 2008ರ ಫೆಬ್ರವರಿ 1ರದ್ದು ಮುಂಬೈಯಲ್ಲಿ. ಇಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದವರನ್ನೂ ಕೇಳಿ ನೋಡಿ. 2009ರ ಫೆಬ್ರವರಿ 15ರಂದು ಮತ್ತೆ ಇದೇ ಅರಮನೆ ಮೈದಾನ. ಎರಡು ಸಲ ಅದೇ ಮಣ್ಣಿನ ಮೇಲೆ ನಿಂತು ಅದೇ ದನಿ ಕೇಳಿದ ಮೇಲೆ ತಲೆಯಲ್ಲಿ ಎರಡೂ ಅಂಟಿಕೊಳ್ಳದೆ ಏನು ಮಾಡುತ್ತವೆ?

ಬಿಡಿಸಲು ಊರಿನ ಸಂಗತಿಗಳೇ ಸಾಕು. ಮೊದಲನೆಯದು ವಾರ. 2007ರದು ಶನಿವಾರ, 2009ರದು ಭಾನುವಾರ. "ಮಾರನೇ ದಿನ ಕಿವಿ ಗುಂಯ್‌ಗುಡುತ್ತಲೇ ಆಫೀಸಿಗೆ ಹೋದೆ" ಎಂದರೆ ಬಹುಮಟ್ಟಿಗೆ 2009. ಎರಡನೆಯದು ಕ್ರಿಕೆಟ್, ಇದು ನನ್ನ ಮೆಚ್ಚಿನ ಕೀಲಿ. 2007ರ ಮಾರ್ಚ್ 17ರಂದೇ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವಿಶ್ವಕಪ್ ಪಂದ್ಯ, ಭಾರತ 191ಕ್ಕೆ ಆಲೌಟಾಗಿ ಬಾಂಗ್ಲಾದೇಶದ ಕೈಯಲ್ಲಿ 5 ವಿಕೆಟ್‌ಗಳಿಂದ ಸೋತಿತು. ವೆಸ್ಟ್ ಇಂಡೀಸ್‌ನ ಬೆಳಗಿನ ಆಟ ನಮಗೆ ಸಂಜೆಯಿಂದ ತಡರಾತ್ರಿಯವರೆಗೆ. "ಅವತ್ತು ಸ್ಕೋರ್ ಕೇಳಿದ್ರಾ?" ಎಂದು ಕೇಳಿ ನೋಡಿ. ಹಾಡುಗಳ ಸಾಲು ಮರೆತವರೂ ವಾಪಸ್ ಬರುವಾಗಲೋ ಮನೆಗೆ ಬಂದ ಮೇಲೋ ಸುದ್ದಿ ಕೇಳಿ ತಲೆ ಚಚ್ಚಿಕೊಂಡದ್ದನ್ನು ಹೇಳುತ್ತಾರೆ.

ಮೂರನೆಯದು ವಿಮಾನ ನಿಲ್ದಾಣ. ದೇವನಹಳ್ಳಿ ನಿಲ್ದಾಣ ಶುರುವಾದದ್ದು 2008ರ ಮೇ 24ಕ್ಕೆ. ಬ್ಯಾಂಡಿನವರನ್ನು ನೋಡಲು ಎಚ್‌ಎಎಲ್ ಹಳೆಯ ನಿಲ್ದಾಣದ ಬಳಿ ಕಾದಿದ್ದೆವು ಎಂದರೆ 2007, ದೇವನಹಳ್ಳಿ ಎಂದರೆ 2009. ಇದಕ್ಕೆ ಸೇರಿದಂತೆಯೇ ಇನ್ನೊಂದು. "ಮೊದಲ ಸಲ ಬಂದಾಗ ಬ್ರೂಸೇ ವಿಮಾನ ಓಡಿಸಿಕೊಂಡು ಬಂದಿದ್ದು" ಎಂದು ಪಣ ಕಟ್ಟಿ ಹೇಳುವವರಿದ್ದಾರೆ. ಬ್ಯಾಂಡಿನ ಹೆಸರು ಬರೆದ ಬೋಯಿಂಗ್ 757ರಲ್ಲಿ, ಬ್ರೂಸ್ ಕ್ಯಾಪ್ಟನ್ ಆಗಿ, ಊರೂರು ಸುತ್ತಲು ಶುರುವಾದದ್ದು 2008ರ ಪ್ರವಾಸದಲ್ಲಿ. ಆ ಪ್ರವಾಸದ ಮೊದಲ ಕಾರ್ಯಕ್ರಮವೇ ಮುಂಬೈಯದು. 2007ರ ನೆನಪಿನಲ್ಲಿ ಆ ವಿಮಾನ ಬಂದರೆ ಅದು ಆಮೇಲೆ ಬಂದು ಸೇರಿಕೊಂಡದ್ದು.

ನಾಲ್ಕನೆಯದು ವೇದಿಕೆ. 2007ರಲ್ಲಿ ಹಿಂದಿನ ವರ್ಷದ 'ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್' ಆಲ್ಬಮ್ಮಿನ ಪ್ರವಾಸ, ಅಂದರೆ ಯುದ್ಧದ ಸಜ್ಜು, ಟ್ಯಾಂಕು, ಹೊಸ ಹಾಡುಗಳು. 2009ರಲ್ಲಿ ಹೆಚ್ಚಾಗಿ 1980ರ ದಶಕದ ಹಾಡುಗಳು, 1984ರ 'ಪವರ್‌ಸ್ಲೇವ್' ಕಾಲದ ಈಜಿಪ್ಟ್ ವೇದಿಕೆ. "ಹೊಸ ಹಾಡುಗಳು ಬಂದಾಗ ನಮಗೆ ಸಾಹಿತ್ಯ ಬರ್ತಿರ್ಲಿಲ್ಲ" ಎಂದರೆ ಒಂದು, "ಎಲ್ಲಾ ಹಾಡೂ ಬಾಯಿಪಾಠ" ಎಂದರೆ ಇನ್ನೊಂದು. 2007ರಲ್ಲಿ ಮೇಡನ್‌ಗೆ ಮೊದಲು ವೇದಿಕೆ ಹತ್ತಿ ನುಡಿಸಿದ್ದು ದೆಹಲಿಯ ರಾಕ್ ಬ್ಯಾಂಡ್ ಪರಿಕ್ರಮ, ಅದೂ ಒಂದು ಗುರುತು. ಮೆಟ್ರೋ ಹತ್ತಿ ಹೋದೆವು ಎಂದು ಯಾರಾದರೂ ಹೇಳಿದರೆ ಎರಡೂ ಅಲ್ಲ. ನಮ್ಮ ಮೆಟ್ರೋ ಓಡಲು ಶುರುವಾದದ್ದು 2011ರ ಅಕ್ಟೋಬರ್ 20ಕ್ಕೆ. ಅದಾದ ಹತ್ತೇ ದಿನಕ್ಕೆ, ಅಕ್ಟೋಬರ್ 30ರಂದು, ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಇದೇ ಮೈದಾನದಲ್ಲಿ ಹಾಡಿತ್ತು. ನೆನಪು ಅಲ್ಲಿಂದ ಜಾರಿ ಬಂದಿರಬಹುದು.

ಇಷ್ಟೆಲ್ಲ ಗೊತ್ತಿದ್ದೂ ಮಾತಿನ ನಡುವೆ ತಿದ್ದಬೇಡಿ. "ಇಲ್ಲ ಅಣ್ಣಾ, ಅದು 2009ರಲ್ಲಿ" ಎಂದು ಒಮ್ಮೆ ಹೇಳಿದರೆ ಅವರು ಮುಂದಿನ ಪ್ರತಿ ಮಾತಿಗೂ ನಿಮ್ಮ ಮುಖ ನೋಡಲು ಶುರು ಮಾಡುತ್ತಾರೆ. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು, ಪರಿಶೀಲನೆಯನ್ನು ಪಕ್ಕದ ಕಾಲಮ್ಮಿನಲ್ಲಿ ಬೇರೆಯಾಗಿ ಹಾಕಿ. ಭಾಷೆಯನ್ನೂ ಮುಟ್ಟಬೇಡಿ. ಕನ್ನಡ, ಇಂಗ್ಲಿಷ್, ಅರ್ಧ ಹಿಂದಿ, ಒಂದೆರಡು ಬೈಗುಳ ಸೇರಿದ್ದೇ ಆ ಮೈದಾನದ ಮಾತು. ತಾನಾಗಿ ಬರೆದುಕೊಡುವ ಆ್ಯಪ್‌ಗಳು ಇಂಥ ಬೆರಕೆಯಲ್ಲಿ ಮುಗ್ಗರಿಸುತ್ತವೆ, ಮುಖ್ಯವಾಗಿ ಹಾಡು ಮತ್ತು ಬ್ಯಾಂಡಿನ ಹೆಸರುಗಳಲ್ಲಿ. ಕರಡಿಗೆ ಬಳಸಿ, ಆಮೇಲೆ ಕಿವಿಗೊಟ್ಟು ಸಾಲುಸಾಲಾಗಿ ತಿದ್ದಿ.

ಮೆಮೊರಿ ಕಾರ್ಡ್ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದ ಕಾರ್ಡಿನಲ್ಲಿ ಚಾರ್ಜ್ ಸೋರಿ ಫೈಲು ಕೆಡಬಹುದು. ಆ ಕಾಲದ ಮೊಬೈಲು, ಕ್ಯಾಮೆರಾಗಳಲ್ಲಿ ಮಿನಿ ಎಸ್‌ಡಿ, ಸೋನಿ ಎರಿಕ್ಸನ್‌ನ ಎಂ2, ಒಲಿಂಪಸ್ ಮತ್ತು ಫ್ಯೂಜಿಯ ಎಕ್ಸ್‌ಡಿ ಹೀಗೆ ಹತ್ತಾರು ಜಾತಿ. ಹೊಸ ರೀಡರ್‌ಗಳಲ್ಲಿ ಇವುಗಳಿಗೆ ಜಾಗವಿಲ್ಲ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹಳೆಯ 'ಆಲ್ ಇನ್ ಒನ್' ರೀಡರ್ ಹುಡುಕಿ. ಹಾಕಿದ ತಕ್ಷಣ ಕಂಪ್ಯೂಟರ್ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದರೆ ಬೇಡ ಎನ್ನಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಬಳಸಿ ಕಾರ್ಡಿನ ಪೂರ್ತಿ ಪ್ರತಿ ತೆಗೆಯಿರಿ. ಅಳಿಸಿದ ಫೈಲು ಹುಡುಕಿಕೊಡುವ ಫೋಟೋರೆಕ್ ಓಡಿಸುವುದು ಆ ಪ್ರತಿಯ ಮೇಲೆ, ಕಾರ್ಡಿನ ಮೇಲಲ್ಲ. ಅಳಿಸಿಹೋದವೂ ಎಷ್ಟೋ ಸಲ ಸಿಗುತ್ತವೆ.

ಫೋಟೋದ ತಾರೀಕು ತಪ್ಪಿದ್ದರೆ ಗಾಬರಿ ಬೇಡ. ಬ್ಯಾಟರಿ ಪೂರ್ತಿ ಇಳಿದಾಗ ಕ್ಯಾಮೆರಾದ ಗಡಿಯಾರ ಹಳೆಯ ಯಾವುದೋ ಜನವರಿ 1ಕ್ಕೆ ಹೋಗಿ ಕೂತಿರುತ್ತದೆ. ನಡುವೆ ಮತ್ತೆ ಬ್ಯಾಟರಿ ಇಳಿಯದಿದ್ದರೆ ಫೋಟೋಗಳ ನಡುವಿನ ಅಂತರ ಮಾತ್ರ ಸರಿಯಾಗೇ ಇರುತ್ತದೆ. ಸಮಯ ಖಚಿತವಾಗಿ ಗೊತ್ತಿರುವ ಒಂದೇ ಒಂದು ಫೋಟೋ ಸಿಕ್ಕರೆ, ವ್ಯತ್ಯಾಸ ಲೆಕ್ಕ ಹಾಕಿ ಇಡೀ ಕಾರ್ಡಿಗೆ ಅನ್ವಯಿಸಬಹುದು.

ಆಗಿನ ಮೊಬೈಲ್ ವಿಡಿಯೋಗಳು ಹೆಚ್ಚಾಗಿ ತ್ರೀಜಿಪಿ, ಚಿತ್ರ 176x144ರಷ್ಟು ಚಿಕ್ಕದು. ಧ್ವನಿ ಫೋನ್ ಮಾತಿಗೆಂದು ಮಾಡಿದ ಎಎಂಆರ್, ಸೆಕೆಂಡಿಗೆ 8000 ಸ್ಯಾಂಪಲ್. ಸುಮಾರು 3.4 ಕಿಲೋಹರ್ಟ್ಸ್ ಮೇಲಿನದೇನೂ ಅದರಲ್ಲಿ ಉಳಿದಿಲ್ಲ. ಬ್ರೂಸ್ ದನಿಯ ಹೊಳಪಿನ ಒಂದು ಪಾಲು ಇರುವುದು ಆ ಮೇಲಿನ ಭಾಗದಲ್ಲಿ. ಜೊತೆಗೆ ಡ್ರಮ್ಸ್ ಬಡಿತಕ್ಕೆ ಮೈಕ್ ಒಡೆದು ಗೊರಗೊರ. ಇದನ್ನು ಎಐ ಹಾಕಿ "ಚೆನ್ನಾಗಿ" ಮಾಡಿದರೆ ಇಲ್ಲದ್ದನ್ನು ಹುಟ್ಟಿಸಿದಂತೆ. ಬೇಕಿದ್ದರೆ ನೋಡಲು ಒಂದು ಎಂಪಿ4 ಪ್ರತಿ ಮಾಡಿಕೊಳ್ಳಿ, ಮೂಲ ಫೈಲ್ ಹಾಗೇ ಇರಲಿ. ಇಂಥ ತುಣುಕಿನಲ್ಲಿ ಹಾಡುವವನಿಗಿಂತ ಪಕ್ಕದಲ್ಲಿ ನಿಂತವನ ದನಿಯೇ ಜೋರು. ದಯವಿಟ್ಟು ಅದನ್ನು ಕತ್ತರಿಸಬೇಡಿ. ಬ್ರೂಸ್‌ನ ಒಳ್ಳೆಯ ರೆಕಾರ್ಡಿಂಗ್ ಅಂಗಡಿಯಲ್ಲಿ ಸಿಗುತ್ತದೆ, "ಲೇ, ತಲೆ ಬಗ್ಸೋ, ಕಾಣ್ತಿಲ್ಲ" ಎಂಬುದು ಸಿಗುವುದಿಲ್ಲ.

ಟಿಕೆಟ್‌ಗೆ ಲ್ಯಾಮಿನೇಶನ್ ಮಾಡಿಸಬೇಡಿ. ಥರ್ಮಲ್ ಕಾಗದವಾಗಿದ್ದರೆ ಆ ಬಿಸಿಗೆ ಇಡೀ ಚೀಟಿ ಕಪ್ಪಾಗುತ್ತದೆ. 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿ ಪಾಲಿಯೆಸ್ಟರ್ ಅಥವಾ ಪಾಲಿಪ್ರಾಪಿಲೀನ್ ಕವರಿನಲ್ಲಿಡಿ. ಪಿವಿಸಿ ಕವರು ಕೆಲವು ವರ್ಷದಲ್ಲಿ ಅಂಟಾಗಿ ಅಕ್ಷರ ಎತ್ತಿಕೊಳ್ಳುತ್ತದೆ. ಟೀ ಶರ್ಟನ್ನು ಪ್ರಿಂಟ್ ಒಳಗೆ ಮಡಚಿಕೊಳ್ಳದಂತೆ ಸುತ್ತಿ ಇಟ್ಟರಾಯಿತು.

ಇವನ್ನೆಲ್ಲ ಕಳಿಸಿ ಎಂದು ಸ್ನೇಹಿತರನ್ನು ಕೇಳುವಾಗ ವಾಟ್ಸ್‌ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ಗಾತ್ರವೂ ಕುಗ್ಗುತ್ತದೆ, ಒಳಗಿನ ತಾರೀಕೂ ಹೋಗುತ್ತದೆ. ಫೈಲ್ ಹೆಸರು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಶುರುವಾಗಲಿ, ಆಗ ತಾನಾಗಿ ಸಾಲಾಗಿ ನಿಲ್ಲುತ್ತವೆ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ.

ಒಪ್ಪಿಗೆಯನ್ನು ರೆಕಾರ್ಡಿಂಗಿನ ಶುರುವಿಗೇ ಅವರ ಬಾಯಲ್ಲೇ ಹೇಳಿಸಿ: ಹೆಸರು, ತಾರೀಕು, ಯಾರಿಗೆಲ್ಲ ಕೇಳಿಸಬಹುದು. ಕಾಲೇಜಿಗೆ ಚಕ್ಕರ್ ಹೊಡೆದ ಗೆಳೆಯ ಈಗ ಎಲ್ಲೋ ಮೇಷ್ಟ್ರಾಗಿರಬಹುದು, ಮೂರನೆಯವರ ಹೆಸರು ಬಂದಲ್ಲಿ ಹೊರಗೆ ಕೊಡುವ ಪ್ರತಿಯಲ್ಲಿ ತೆಗೆದುಬಿಡಿ.

ಅಭಿಮಾನಿಗಳ ಮಾತು ಒಂದೇ ಜಾಡಿಗೆ ಬೀಳಲು ಶುರುವಾದಾಗ ಹೊರಗಿನವರನ್ನು ಹುಡುಕಿ: ಸೌಂಡ್ ಹುಡುಗರು, ಬಂದೋಬಸ್ತಿಗೆ ನಿಂತ ಪೊಲೀಸರು, ಗೇಟಿನ ಹೊರಗೆ ನೀರು ಮಾರಿದವರು, ಜಯಮಹಲ್ ಕಡೆಯ ಮನೆಗಳವರು. ಹಾಡು ಯಾವುದೆಂದು ಅವರಿಗೆ ಗೊತ್ತಿರುವುದಿಲ್ಲ, ಸದ್ದು ಎಷ್ಟು ಗಂಟೆಗೆ ನಿಂತಿತು ಎಂಬುದು ಗೊತ್ತಿರುತ್ತದೆ. ಮಾತಾಡಿದ ಪ್ರತಿಯೊಬ್ಬರಿಗೂ ವಾರದೊಳಗೆ ಅವರ ರೆಕಾರ್ಡಿಂಗಿನ ಪ್ರತಿ ಕೊಟ್ಟುಬಿಡಿ. ಕೇಳಿಸಿಕೊಂಡ ಮೇಲೆ "ಒಂದು ಮರೆತೇ ಹೋಗಿತ್ತು ನೋಡಿ" ಎಂದು ಫೋನ್ ಮಾಡುವವರು ಇದ್ದೇ ಇರುತ್ತಾರೆ. ಆಗ ಇನ್ನೊಂದು ಮಧ್ಯಾಹ್ನ ಗೊತ್ತು ಮಾಡಿಕೊಂಡು ಹೋಗಿ, ಹೊಸ ತಾರೀಕು ಹಾಕಿ ಅದನ್ನೂ ಬೇರೆ ಫೈಲಾಗಿ ರೆಕಾರ್ಡ್ ಮಾಡಿ.